ಪಕ್ಕದ ಮನೆಯವರ ಬಿಪಿಎಲ್ ಕಾರ್ಡು: ದೂರು ಕೊಡಬೇಕಾ, ಸುಮ್ಮನಿರಬೇಕಾ?

ಉಡುಪಿ, ಮಂಗಳೂರು ಕಡೆ ಸೊಸೈಟಿಯಲ್ಲಿ ರೇಷನ್ನಿಗೆ ನಿಂತರೆ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ. "ಎಂತ ಮಾರಾಯ್ರೆ, ಮಗ ದುಬೈಲಿ, ಅಂಗಳದಲ್ಲಿ ಕಾರು ಉಂಟು, ಕಾರ್ಡು ನೋಡಿದ್ರೆ ಬಿಪಿಎಲ್!" ಹೇಳಿದವರು ತಾಲೂಕು ಕಚೇರಿಗೆ ಹೋಗಿ ಬರೆದು ಕೊಡುವುದಿಲ್ಲ, ಕೇಳಿದವರೂ ಇಲ್ಲ. ಬೆರಳಚ್ಚು ಕೊಟ್ಟು, ಚೀಲ ಹಿಡಿದು, ಮನೆಗೆ. ಅಪರೂಪಕ್ಕೆ ಒಬ್ಬರು ಮಾತ್ರ ಇದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಇದು ಮೋಸ ತಾನೇ, ಗೊತ್ತಿದ್ದೂ ಸುಮ್ಮನಿದ್ದರೆ ನಾನೂ ಅದರಲ್ಲಿ ಪಾಲುದಾರ ಆದ ಹಾಗಲ್ವಾ ಅಂತ. ಈ ಬರಹ ಅವರಿಗೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಪಕ್ಕದ ಮನೆಯವರ ಕಾರು, ಟೈಲ್ಸ್, ಗೇಟು ನೋಡಿ ದೂರು ಕೊಡುವುದು ಹೆಚ್ಚಿನ ಸಲ ವ್ಯರ್ಥ, ಕೆಲವು ಸಲ ಅನ್ಯಾಯ. ಸರ್ಕಾರದ ಕಂಪ್ಯೂಟರಿಗೆ ಕಾಣದ, ಊರಿನವರಿಗೆ ಮಾತ್ರ ಕಾಣುವ ಮೋಸ ಅಂತ ಬೇರೆಯೇ ಒಂದಿದೆ. ಅದರ ಬಗ್ಗೆ ಮಾತ್ರ ಸುಮ್ಮನಿರಬಾರದು. ನಾವು ಮಾಡುತ್ತಿರುವುದು ಸರಿಯಾಗಿ ಇದರ ಉಲ್ಟಾ.

ಮೊದಲು, ಯಾವ ಯೋಜನೆಗೆ ಯಾವ ಷರತ್ತು ಅಂತ ಗೊತ್ತಿರಬೇಕು. ಅರ್ಧಕ್ಕರ್ಧ ಅನುಮಾನ ಇಲ್ಲೇ ಬಿದ್ದುಹೋಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಡವರಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 2023ರ ಆಗಸ್ಟ್‌ನಲ್ಲಿ ಶುರುವಾದಾಗಿನಿಂದಲೂ ಅದು ಎಪಿಎಲ್ ಕಾರ್ಡಿನ ಮನೆಯೊಡತಿಗೂ ಸಿಗುತ್ತದೆ. ಅವರು ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುವವರು, ಜಿಎಸ್‌ಟಿ ರಿಟರ್ನ್ಸ್ ಹಾಕುವವರು ಆಗಿರಬಾರದು, ಅಷ್ಟೇ. ಗೃಹಜ್ಯೋತಿಗೆ ಕಾರ್ಡೇ ಬೇಡ. ಮನೆಯ ವಿದ್ಯುತ್ ಬಳಕೆ 200 ಯೂನಿಟ್ ಒಳಗಿದ್ದು, ಆ ಮನೆಯ ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿ ಇಟ್ಟ ಮಿತಿ ದಾಟದಿದ್ದರೆ ಮೆಸ್ಕಾಂ ಬಿಲ್ಲು ಸೊನ್ನೆ, ಅದು ಮೂರು ಮಹಡಿ ಮನೆಯಾದರೂ ಸರಿ. ಶಕ್ತಿ ಯೋಜನೆ ರಾಜ್ಯದ ಎಲ್ಲ ಹೆಂಗಸರಿಗೂ. (ಪ್ರೈವೇಟ್ ಬಸ್ಸುಗಳದೇ ದರ್ಬಾರು ಇರುವ ನಮ್ಮ ಕರಾವಳಿಯಲ್ಲಿ ಅದು ಎಷ್ಟು ಉಪಯೋಗಕ್ಕೆ ಬಂತು ಅನ್ನುವುದು ಬೇರೆ ಕಥೆ.) ಹಾಗಾಗಿ "ಅಷ್ಟು ದೊಡ್ಡ ಮನೆಯವರಿಗೂ ಎರಡು ಸಾವಿರ ಬರ್ತದೆ" ಅಂತ ಹೊಟ್ಟೆ ಉರಿದುಕೊಂಡರೆ, ಜಗಳ ಯೋಜನೆಯ ಜೊತೆಗೇ ಹೊರತು ಆ ಮನೆಯವರ ಜೊತೆ ಅಲ್ಲ.

ಬಿಪಿಎಲ್ ಹಾಗಲ್ಲ, ಅದಕ್ಕೆ ನಿಜವಾಗಿಯೂ ಷರತ್ತು ಉಂಟು. ಸರ್ಕಾರಿ ನೌಕರಿ ಇರಬಾರದು, ಆದಾಯ ತೆರಿಗೆ ಕಟ್ಟುತ್ತಿರಬಾರದು, ಒಣಭೂಮಿ ಮೂರು ಹೆಕ್ಟೇರ್ ದಾಟಿರಬಾರದು, ಪಟ್ಟಣದಲ್ಲಿ ಸಾವಿರ ಚದರಡಿಗಿಂತ ದೊಡ್ಡ ಸ್ವಂತ ಮನೆ ಇರಬಾರದು, ನಾಲ್ಕು ಚಕ್ರದ ವಾಹನ ಇರಬಾರದು. ಕೊನೆಯದ್ದು, ವಾರ್ಷಿಕ ಆದಾಯ 1.20 ಲಕ್ಷ ಮೀರಬಾರದು.

ಈ ಕೊನೆಯ ಷರತ್ತನ್ನು ಸ್ವಲ್ಪ ನಿಂತು ನೋಡಿ. ತಿಂಗಳಿಗೆ 10,000. ಒಬ್ಬರದ್ದಲ್ಲ, ಇಡೀ ಮನೆಯದ್ದು. ಗಾರೆ ಕೆಲಸದವರು ತಿಂಗಳಲ್ಲಿ ಹದಿನೈದು ದಿನ ಕೆಲಸ ಸಿಕ್ಕಿದರೂ ಅದನ್ನು ದಾಟುತ್ತಾರೆ. ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ನಿಲ್ಲುವ ಹುಡುಗಿಗೆ ಸರ್ಕಾರವೇ ಹೇಳಿದ ಕನಿಷ್ಠ ಕೂಲಿ ಸರಿಯಾಗಿ ಸಿಕ್ಕಿದರೆ ಅವಳ ಮನೆಯವರೆಲ್ಲ ಬಡತನದ ರೇಖೆಯ ಮೇಲೆ ಹತ್ತಿದ ಹಾಗೆ. ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಾರೆ ಅಂದರೆ ಇನ್ನೂ ಮೇಲೆ. ಒಂದು ಇಲಾಖೆ ಇಷ್ಟಕ್ಕಿಂತ ಕಡಿಮೆ ಸಂಬಳ ಕೊಡಬೇಡಿ ಅನ್ನುತ್ತದೆ, ಇನ್ನೊಂದು ಇಲಾಖೆ ಅಷ್ಟು ಸಂಬಳ ಬಂದರೆ ನೀವು ಬಡವರಲ್ಲ ಅನ್ನುತ್ತದೆ. ನಿಯಮದ ಅಕ್ಷರ ಹಿಡಿದು ಹೊರಟರೆ ನಮ್ಮ ವಾರ್ಡಿನ ಮುಕ್ಕಾಲು ಪಾಲು ಬಿಪಿಎಲ್ ಕಾರ್ಡು ಸುಳ್ಳು. ಅದು ನಾಡಕಚೇರಿಗೂ ಗೊತ್ತು, ಆದಾಯ ಪತ್ರ ಬರೆಯುವ ಗ್ರಾಮ ಆಡಳಿತಾಧಿಕಾರಿಗೂ ಗೊತ್ತು, ಕಾರ್ಡು ಹಿಡಿದವರಿಗೂ ಗೊತ್ತು. ಹೀಗಿರುವಾಗ ಆದಾಯ ಜಾಸ್ತಿ ಅಂತ ಒಬ್ಬರ ಮೇಲೆ ಮಾತ್ರ ದೂರು ಕೊಟ್ಟರೆ, ಅದು ನಿಯಮ ಕಾಯುವುದಲ್ಲ, ಒಬ್ಬರನ್ನು ಆರಿಸಿ ಹೊಡೆಯುವುದು.

ಮಲ್ಪೆ ಕಡೆ ಹೋದರೆ ಇದು ಇನ್ನೂ ಗೋಜಲು. ಜೂನ್ ಒಂದರಿಂದ ಜುಲೈ ಕೊನೆವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ಬಂದ್. ಸೀಸನ್ ಶುರುವಿನಲ್ಲಿ ಕೈಗೆ ದುಡ್ಡು ಬಂದಾಗ ನೋಡಿದವರು ಇವರಿಗೆಂತ ಬಿಪಿಎಲ್ ಅನ್ನುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಅದೇ ಮನೆಯ ಚಿನ್ನ ಅಡವಿಗೆ ಹೋಗುವುದನ್ನು ನೋಡಿದವರು ಹಾಗೆ ಹೇಳುವುದಿಲ್ಲ.

ಇನ್ನು ಕಾರು. ಎಲ್ಲ ಅನುಮಾನದ ತಾಯಿ ಇದೇ. ಆದರೆ ಹಳದಿ ಬೋರ್ಡಿನ ಕಾರು ಇಟ್ಟುಕೊಂಡು ತಾನೇ ಓಡಿಸಿ ಹೊಟ್ಟೆ ಹೊರೆಯುವವರಿಗೆ ನಿಯಮದಲ್ಲೇ ವಿನಾಯಿತಿ ಉಂಟು, ಅಂಥ ಒಂದು ವಾಹನ ಇದ್ದರೆ ಕಾರ್ಡು ಹೋಗುವುದಿಲ್ಲ. ಬಿಳಿ ಬೋರ್ಡಿನದ್ದಾದರೆ ಅದು ಯಾರ ಹೆಸರಲ್ಲಿದೆ ಅನ್ನುವುದು ಆರ್‌ಟಿಒ ದಾಖಲೆಯಲ್ಲಿ ಇದ್ದೇ ಇದೆ. ತೆರಿಗೆ ಕಟ್ಟುವವರ ಹೆಸರು ಪ್ಯಾನ್ ಜೊತೆ, ಪ್ಯಾನ್ ಆಧಾರ್ ಜೊತೆ, ಆಧಾರ್ ರೇಷನ್ ಕಾರ್ಡಿನ ಜೊತೆ ಜೋಡಣೆಯಾಗಿದೆ. ಸರ್ಕಾರಿ ನೌಕರರ ಸಂಬಳವಂತೂ ಸರ್ಕಾರವೇ ಕೊಡುವುದು. ಹೀಗೆ ಪಟ್ಟಿ ಪಟ್ಟಿ ತಾಳೆ ಹಾಕಿಯೇ ಇಲಾಖೆ ಕಾರ್ಡುಗಳನ್ನು ಹುಡುಕುತ್ತಿರುವುದು. ಅಂದರೆ ನೀವು ರಾತ್ರಿಯೆಲ್ಲ ನಿದ್ದೆಗೆಟ್ಟು ಬರೆದುಕೊಡಬೇಕು ಅಂದುಕೊಂಡ ವಿಷಯ ಅವರ ಬಳಿ ಆಗಲೇ ಇದೆ. ಅವರು ಏನೂ ಮಾಡಿಲ್ಲ ಅಂದರೆ ಅದು ಮಾಹಿತಿ ಇಲ್ಲದ್ದಕ್ಕಲ್ಲ.

ಕಂಪ್ಯೂಟರ್ ಕೂಡ ತಪ್ಪು ಮಾಡುತ್ತದೆ, ಅದನ್ನೂ ನೋಡಿ ಆಯಿತು. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡು ರದ್ದಾದ ಗಲಾಟೆ ನೆನಪಿರಬಹುದು. ಬ್ಯಾಂಕ್ ಸಾಲಕ್ಕೆ ಬೇಕು ಅಂತ ರಿಟರ್ನ್ಸ್ ಹಾಕಿದವರು, ಒಂದು ಪೈಸೆ ತೆರಿಗೆ ಕಟ್ಟದವರು, ಅವರ ಕಾರ್ಡೂ ಹೋಯಿತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ವಾಪಸ್ ಕೊಡಿ ಅಂತ ಹೇಳಬೇಕಾಯಿತು. ಅದಕ್ಕೂ ಮೊದಲು, 2021ರ ಫೆಬ್ರವರಿಯಲ್ಲಿ, ಆಗಿನ ಆಹಾರ ಸಚಿವ ಉಮೇಶ ಕತ್ತಿಯವರು ಟಿವಿ, ಫ್ರಿಜ್, ಬೈಕ್ ಇದ್ದವರೆಲ್ಲ ಕಾರ್ಡು ಒಪ್ಪಿಸಿ ಅಂದು, ಜನ ಬೈದ ಮೇಲೆ ಮಾತು ವಾಪಸ್ ತೆಗೆದುಕೊಂಡಿದ್ದರು. ಮನೆಯ ಸಾಮಾನು ನೋಡಿ ಬಡತನ ಅಳೆಯಲು ಹೊರಟರೆ ಮಂತ್ರಿಯೇ ಮುಗ್ಗರಿಸುತ್ತಾರೆ, ನಾವು ಬೇಲಿಯಾಚೆಯಿಂದ ಇಣುಕಿ ಅಳೆಯುವುದು ಎಷ್ಟು ಸರಿ ಇದ್ದೀತು?

ಒಂದು ಪ್ರಶ್ನೆ ಯಾರೂ ಕೇಳುವುದಿಲ್ಲ. ಅಷ್ಟು ಅನುಕೂಲ ಇದ್ದವರು ಆ ಕಾರ್ಡನ್ನು ಯಾಕೆ ಬಿಡುವುದಿಲ್ಲ? ಅಕ್ಕಿಗಾ? ನಮ್ಮಲ್ಲಿ ಖಂಡಿತ ಅಲ್ಲ. ಕರಾವಳಿಯವರು ಉಣ್ಣುವುದು ಕುಚ್ಚಲಕ್ಕಿ, ಸೊಸೈಟಿಯಲ್ಲಿ ಸಿಗುವುದು ಹೆಚ್ಚಾಗಿ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ರೇಷನ್ನಿಗೆ ಕುಚ್ಚಲಕ್ಕಿ ಕೊಡಿ ಅಂತ ಕೇಳಿ ಕೇಳಿ ವರ್ಷಗಳಾದವು. ಆ ಬೆಳ್ತಿಗೆ ನೀರುದೋಸೆಗೆ, ಇಡ್ಲಿಗೆ, ಉಳಿದದ್ದು ಕೋಳಿಗೆ. ಕಾರ್ಡು ಹಿಡಿದಿರುವುದು ಆಸ್ಪತ್ರೆಗೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ ಸರ್ಕಾರ ಕೊಡುತ್ತದೆ, ಅದೂ ಒಂದೂವರೆ ಲಕ್ಷ ದಾಟದ ಹಾಗೆ. ಹೆಜ್ಜೆಗೊಂದು ಮೆಡಿಕಲ್ ಕಾಲೇಜು ಇರುವ ಊರು ನಮ್ಮದು. ಹಾರ್ಟ್ ಆಪರೇಷನ್ನಿಗೆ ಎಷ್ಟಾಗುತ್ತದೆ ಅಂತ ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.

ಒಂದು ಮನೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಮೂವತ್ತು ಸಾವಿರ ಬರುವ ಮನೆ, ನಿಯಮದ ಪ್ರಕಾರ ಬಿಪಿಎಲ್ ಅಲ್ಲವೇ ಅಲ್ಲ. ಅಜ್ಜನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಕಾರ್ಡು ಎಪಿಎಲ್ ಆದ ಮರುದಿನ ಆ ಮನೆ ನಿಜವಾಗಿ ಬಡವರ ಮನೆ ಆಗುತ್ತದೆ. ಇದು ಮೋಸವನ್ನು ಸರಿ ಅನ್ನುವ ಮಾತಲ್ಲ. ಒಂದು ಅಕ್ಕಿ ಕಾರ್ಡಿಗೆ ಆಸ್ಪತ್ರೆ, ಮಕ್ಕಳ ಫೀಸು, ಮನೆ ಯೋಜನೆ ಎಲ್ಲವನ್ನೂ ಕಟ್ಟಿ ಹಾಕಿದ ಮೇಲೆ ಜನ ಅದನ್ನು ಪ್ರಾಣ ಹೋದರೂ ಬಿಡುವುದಿಲ್ಲ. ನಿಮ್ಮ ದೂರು ಅಕ್ಕಿಗೆ ಅಂತ ಹೊರಟು ಬೀಳುವುದು ಡಯಾಲಿಸಿಸ್ ಮೇಲೆ. ಇದು ಗೊತ್ತಿದ್ದೂ ದೂರು ಕೊಡುತ್ತೇನೆ ಅಂದರೆ ಕೊಡಿ, ಆದರೆ ಗೊತ್ತಿರಲಿ.

ಹಾಗಂತ "ಸರ್ಕಾರದ್ದು ತಾನೇ, ಯಾರ ಗಂಟು ಹೋಯಿತು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಗಂಟು ಹೋಗುತ್ತದೆ, ಅದೂ ಬಡವರದ್ದೇ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಜನ ಅನ್ನುವುದಕ್ಕೆ ಕೇಂದ್ರದ ಮಿತಿ ಉಂಟು. ಕರ್ನಾಟಕಕ್ಕೆ ಸುಮಾರು 4.01 ಕೋಟಿ, ಅದೂ 2011ರ ಜನಗಣತಿ ಲೆಕ್ಕದಲ್ಲಿ. ಆಮೇಲೆ ಮದುವೆಯಾಗಿ ಬೇರೆ ಮನೆ ಮಾಡಿದವರು, ಗಂಡ ಸತ್ತು ತವರಿಗೆ ಬಂದವರು, ಕೆಲಸ ಕಳೆದುಕೊಂಡವರು ಹೊಸ ಕಾರ್ಡಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದದ್ದು ಇದೇ ಕಾರಣಕ್ಕೆ. ಸೀಟು ಖಾಲಿ ಇಲ್ಲ. ಸರ್ಕಾರಿ ಸಂಬಳ ತೆಗೆದುಕೊಳ್ಳುವ ಒಬ್ಬರು ಆ ಸೀಟಿನಲ್ಲಿ ಕೂತಿದ್ದರೆ, ಹೊರಗೆ ನಿಂತವಳು ವಿಧವೆ ಆಗಿರಬಹುದು. ಇಂಥ ನೌಕರರಿಂದ ತೆಗೆದುಕೊಂಡ ಅಕ್ಕಿಗೆ ಮಾರ್ಕೆಟ್ ರೇಟಿನಲ್ಲಿ ದಂಡ ಕಟ್ಟಿಸಿದ್ದೂ ಉಂಟು. ಅದರ ಬಗ್ಗೆ ನನಗೆ ಕನಿಕರ ಇಲ್ಲ.

ಈಗ ಕಂಪ್ಯೂಟರಿಗೆ ಕಾಣದ್ದರ ಬಗ್ಗೆ. ನನ್ನ ಪ್ರಕಾರ ಊರಿನವರ ಕಣ್ಣು ಬೇಕಾದದ್ದು ಇಲ್ಲಿ.

ಸತ್ತವರ ಪಿಂಚಣಿ. ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ. ಅಜ್ಜಿ ತೀರಿಕೊಂಡು, ಬೊಜ್ಜದ (ಉತ್ತರಕ್ರಿಯೆಯ) ಊಟವೂ ಆಗಿ, ಮರಣ ಪತ್ರ ಮಾಡಿಸದೆ ಎಟಿಎಂ ಕಾರ್ಡು ಮಗನ ಜೇಬಿನಲ್ಲಿದ್ದರೆ ಬೆಂಗಳೂರಿನ ಸರ್ವರಿಗೆ ಅಜ್ಜಿ ಇನ್ನೂ ಬದುಕಿದ್ದಾರೆ. ಊಟ ಮಾಡಿ ಬಂದ ಇಡೀ ಊರಿಗೆ ಗೊತ್ತು, ಸತ್ತಿದ್ದಾರೆ ಅಂತ.

ಲೇಬರ್ ಕಾರ್ಡು ಇನ್ನೂ ದೊಡ್ಡ ವಿಷಯ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ದುಡ್ಡು ಎಲ್ಲಿಂದ ಬರುವುದು? ಕಟ್ಟಡಗಳ ವೆಚ್ಚದ ಮೇಲೆ ಹಾಕುವ ಒಂದು ಪರ್ಸೆಂಟ್ ಸೆಸ್‌ನಿಂದ. ಅದು ಕಾರ್ಮಿಕರಿಗೆ ಅಂತಲೇ ಎತ್ತಿಟ್ಟ ಹಣ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರಿಗೆ ಕಾರ್ಡು. ಆದರೆ ಕಲ್ಲು, ಸಿಮೆಂಟು ಮುಟ್ಟಿಯೂ ನೋಡದವರು, ಅಂಗಡಿ ಇಟ್ಟವರು, ಆಫೀಸಿಗೆ ಹೋಗುವವರು ಏಜೆಂಟನಿಗೆ ದುಡ್ಡು ಕೊಟ್ಟು ಈ ಕಾರ್ಡು ಮಾಡಿಸಿದ್ದಾರೆ, ಮಕ್ಕಳ ಸ್ಕಾಲರ್‌ಶಿಪ್ಪಿಗೆ, ಮದುವೆ ಸಹಾಯಧನಕ್ಕೆ. ರಾಜ್ಯದಲ್ಲಿ ನಕಲಿ ಕಾರ್ಡುಗಳ ಗದ್ದಲ ಎದ್ದದ್ದು ಇದಕ್ಕೇ. ಅತ್ತ ಕೊಪ್ಪಳ, ಬಾಗಲಕೋಟೆ, ರಾಯಚೂರಿನಿಂದ ಬಂದು ಮಂಗಳೂರಿನ ಅಪಾರ್ಟ್‌ಮೆಂಟುಗಳ ಕೆಳಗೆ ತಗಡಿನ ಶೆಡ್ಡಿನಲ್ಲಿ ಮಲಗುವ ಎಷ್ಟೋ ಮಂದಿಗೆ ಕಾರ್ಡೇ ಇಲ್ಲ, ಯಾಕೆಂದರೆ 90 ದಿನ ಕೆಲಸ ಮಾಡಿದ್ದಾರೆ ಅಂತ ಸಹಿ ಹಾಕಲು ಕಂಟ್ರಾಕ್ಟರಿಗೆ ಪುರುಸೊತ್ತಿಲ್ಲ. ಪರಿಚಯದವರು ಇಂಥ ಕಾರ್ಡು ಮಾಡಿಸಿದ್ದು ಗೊತ್ತಾದರೆ ಅವರೊಬ್ಬರ ಹೆಸರಿಗಿಂತ ಆ ಏಜೆಂಟನ ಹೆಸರು ಮುಖ್ಯ. ಒಬ್ಬ ಏಜೆಂಟನ ಕೈಯಲ್ಲಿ ಎಷ್ಟು ಕಾರ್ಡು ಹೊರಟಿರುತ್ತದೆ ಅಂತ ನೀವೇ ಊಹಿಸಿ.

ಅಕ್ಕಿಯದ್ದೂ ಹಾಗೇ. ಬೇಡದ ಬೆಳ್ತಿಗೆಯನ್ನು ಮನೆ ಬಾಗಿಲಿಗೆ ಬಂದವನಿಗೆ ಕೊಟ್ಟು ನಾಲ್ಕು ಕಾಸು ತೆಗೆದುಕೊಂಡ ಹೆಂಗಸಿನದ್ದೂ ಕಾನೂನಿನ ಲೆಕ್ಕದಲ್ಲಿ ತಪ್ಪೇ. ಆದರೆ ಹತ್ತು ಊರು ಸುತ್ತಿ ಓಮ್ನಿಯಲ್ಲಿ ಮೂಟೆ ತುಂಬಿಸಿಕೊಂಡು ಹೋಗಿ ಪಾಲಿಶ್ ಮಾಡಿಸಿ ಮಾರುವವನ ವ್ಯಾಪಾರ ಬೇರೆ ಮಟ್ಟದ್ದು. ಅಗತ್ಯ ವಸ್ತುಗಳ ಕಾಯ್ದೆ ಇರುವುದು ಅವನಂಥವರಿಗೆ. ಆಹಾರ ಇಲಾಖೆಯ ಟೋಲ್‌ಫ್ರೀ ನಂಬರ್ 1967ಕ್ಕೆ ಫೋನ್ ಮಾಡುವುದಾದರೆ ಮೊದಲು ಆ ಓಮ್ನಿಯ ನಂಬರ್ ಬರೆದಿಟ್ಟುಕೊಳ್ಳಿ.

ಇಷ್ಟಾದ ಮೇಲೂ ಪರಿಚಯದವರ ವಿಷಯವೇ ನಿಮ್ಮನ್ನು ಕಾಡುತ್ತಿದೆ ಅಂದರೆ, ಮೊದಲು ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ. ಅವರ ಜೊತೆ ಗಡಿ ತಕರಾರು, ದಾರಿ ಜಗಳ, ಪಂಚಾಯತ್ ಎಲೆಕ್ಷನ್ನಿನ ಸಿಟ್ಟು ಏನಾದರೂ ಉಂಟಾ? ಇದ್ದರೆ ಆರು ತಿಂಗಳು ಅರ್ಜಿ ಬರೆಯಬೇಡಿ. ದೂರುಗಳಲ್ಲಿ ಎಷ್ಟೋ ಹುಟ್ಟುವುದು ಬೇಲಿಯಲ್ಲಿ, ಇದು ಆಹಾರ ನಿರೀಕ್ಷಕರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಜಗಳ ಏನೂ ಇಲ್ಲದಿದ್ದರೆ ನೇರ ಅವರ ಬಳಿಯೇ ಮಾತಾಡಿ. "ಅಕ್ಕ, ಮಗನಿಗೆ ಕೆಲಸ ಕಾಯಂ ಆಯ್ತಲ್ಲ, ಕಾರ್ಡು ಎಪಿಎಲ್ ಮಾಡಿಸಿಬಿಡಿ, ಆಮೇಲೆ ನೋಟಿಸ್ ಬಂದ್ರೆ ದಂಡ ಕಟ್ಟಬೇಕಾಗ್ತದೆ" ಅಂತ ಒಂದು ಮಾತು. ಅರ್ಧ ಜನ ಹೆದರಿಯಾದರೂ ಮಾಡಿಸುತ್ತಾರೆ. ಇನ್ನರ್ಧ ಜನ ನಿಜವಾದ ಕಾರಣ ಹೇಳುತ್ತಾರೆ, ಮಗ ದುಡ್ಡು ಕಳಿಸದೆ ಎರಡು ವರ್ಷ ಆಯಿತು, ಕಾರು ಭಾವನದ್ದು, ಮನೆಯ ಮೇಲೆ ಸಾಲ ಅಂತ. ಕೆಲವರು ನಿಮ್ಮ ಜೊತೆ ಮಾತು ಬಿಡುತ್ತಾರೆ. ಬಿಡಲಿ.

ಬ್ರಿಟನ್ನಿನಲ್ಲಿ ಇಂಥದ್ದಕ್ಕೆ ಸರ್ಕಾರದ್ದೇ ಆನ್‌ಲೈನ್ ಫಾರ್ಮು, ಫೋನ್ ನಂಬರ್ ಇದೆ, ಹೆಸರು ಹೇಳದೆಯೂ ದೂರು ಕೊಡಬಹುದು, ಆಮೇಲೆ ಏನಾಯಿತು ಅಂತ ದೂರು ಕೊಟ್ಟವರಿಗೆ ತಿಳಿಸುವುದಿಲ್ಲ. ಅದು ಅಲ್ಲಿಗೆ ನಡೆಯುತ್ತದೋ ಏನೋ. ನಮ್ಮಲ್ಲಿ ನಿರೀಕ್ಷಕರ ಜೀಪು ಊರಿನ ಕಟ್ಟೆ ದಾಟುವ ಮೊದಲೇ ಅರ್ಜಿ ಹಾಕಿದ್ದು ಯಾರು ಅಂತ ಮೂರು ಹೆಸರು ಓಡಾಡುತ್ತಿರುತ್ತದೆ, ಅದರಲ್ಲಿ ಎರಡು ತಪ್ಪು. ನಿಮ್ಮ ದೂರಿನ ಏಟು ನಿಮಗೆ ಬೀಳದೆ ಬೇರೆ ಯಾರಿಗೋ ಬೀಳಬಹುದು, ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲಿಯವರು ಅರ್ಜಿಗಿಂತ ಹರಕೆ, ಆಣೆ ಅಂತ ದೈವ ದೇವರಿಗೆ ಬಿಟ್ಟು ಕೈತೊಳೆದುಕೊಳ್ಳುವುದು ಸುಮ್ನೆ ಅಲ್ಲ.

ಕಾನೂನು ಏನನ್ನುತ್ತದೆ ಅಂತ ಕೇಳುವವರಿಗೆ: ಕೊಲೆ, ದರೋಡೆಯಂಥ ಕೆಲವು ಅಪರಾಧ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಅಂತ ಪಟ್ಟಿ ಉಂಟು, ಪಕ್ಕದವರ ಕಾರ್ಡು ಆ ಪಟ್ಟಿಯಲ್ಲಿ ಇಲ್ಲ. ಸುಮ್ಮನಿದ್ದರೆ ನೀವು ಅಪರಾಧಿ ಅಲ್ಲ. ಸುಳ್ಳು ಅಂತ ಗೊತ್ತಿದ್ದೇ ಒಬ್ಬರಿಗೆ ತೊಂದರೆಯಾಗಲಿ ಅಂತ ದೂರು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಒಳ್ಳೆಯ ಮನಸ್ಸಿನಿಂದ ಸಂಬಂಧಪಟ್ಟ ಅಧಿಕಾರಿಗೆ ಕೊಟ್ಟ ದೂರು ಮಾನಹಾನಿ ಆಗುವುದಿಲ್ಲ. ಅದನ್ನೇ ವಾಟ್ಸ್ಆಪ್ ಗ್ರೂಪಿನಲ್ಲಿ ಫೋಟೋ ಸಮೇತ ಹಾಕಿದರೆ ಈ ರಕ್ಷಣೆ ನಿಮಗಿಲ್ಲ. ದುರದೃಷ್ಟಕ್ಕೆ ನಮ್ಮ ಜನ ಮೊದಲು ಮಾಡುವುದು ಅದನ್ನೇ.

ಬರೆದು ಕೊಡುವುದೇ ಆದರೆ ಕಂಡದ್ದಷ್ಟೇ ಬರೆಯಿರಿ. "ಇವರು ಶ್ರೀಮಂತರು" ಅಂತ ಬೇಡ. "ಇಂಥವರು ಇಂಥ ಇಲಾಖೆಯಲ್ಲಿ ನೌಕರಿಯಲ್ಲಿದ್ದಾರೆ, ಕಾರ್ಡು ಈ ಸೊಸೈಟಿಯಲ್ಲಿದೆ" ಅಂತ ಬೇಕು. ತಾಲೂಕು ಕಚೇರಿಯ ಆಹಾರ ಶಾಖೆಗೆ ಕೊಡಬಹುದು, ಉಡುಪಿಯವರು ಮಣಿಪಾಲದ ರಜತಾದ್ರಿಯ ಜಿಲ್ಲಾ ಕಚೇರಿಗೆ ಹೋಗಬಹುದು. ಪ್ರತಿ ನ್ಯಾಯಬೆಲೆ ಅಂಗಡಿಗೂ ಒಂದು ಜಾಗೃತಿ ಸಮಿತಿ ಇರಬೇಕು ಅಂತ ಆಹಾರ ಭದ್ರತಾ ಕಾಯ್ದೆಯ 29ನೇ ಕಲಂ ಹೇಳುತ್ತದೆ. ನಿಮ್ಮ ಸೊಸೈಟಿಯ ಸಮಿತಿಯಲ್ಲಿ ಯಾರಿದ್ದಾರೆ ಅಂತ ಸುಮ್ನೆ ಒಮ್ಮೆ ಕೇಳಿ ನೋಡಿ, ಕೆಲವು ಕಡೆ ಸಮಿತಿಯಲ್ಲಿ ಇದ್ದವರಿಗೇ ತಾವು ಅದರಲ್ಲಿ ಇರುವುದು ಗೊತ್ತಿರುವುದಿಲ್ಲ. ಹೆಸರು ಗುಟ್ಟಾಗಿಡಿ ಅಂತ ಅರ್ಜಿಯ ತಲೆಯಲ್ಲೇ ಬರೆಯಿರಿ. ಗುಟ್ಟಾಗಿ ಮಾಹಿತಿ ಕೊಟ್ಟವರ ಗುರುತು ಬಿಟ್ಟುಕೊಡದೆ ಇರಲು ಮಾಹಿತಿ ಹಕ್ಕು ಕಾಯ್ದೆಯ 8(1)(ಜಿ)ಯಲ್ಲಿ ಅವಕಾಶ ಇದೆ.

ಇನ್ನೊಂದು ಅರ್ಜಿಯೂ ಉಂಟು, ಅದನ್ನು ಯಾರೂ ಬರೆಯುವುದಿಲ್ಲ. ಕಾರ್ಡು ತಪ್ಪಾಗಿ ಹೋದವರ ಪರವಾಗಿ ನಾಲ್ಕು ಮನೆಯವರು ಸಹಿ ಹಾಕಿ, ಇವರು ನಿಜಕ್ಕೂ ಬಡವರು, ರಿಟರ್ನ್ಸ್ ಹಾಕಿದ್ದು ಆಟೋ ಸಾಲಕ್ಕೆ, ಸ್ಥಳ ತನಿಖೆ ಮಾಡಿ ಅಂತ ಕೊಡುವುದು. ಬೇಲಿಯಾಚೆ ಇಣುಕಿ ತಿಳಿದುಕೊಂಡದ್ದು ಇದಕ್ಕೂ ಉಪಯೋಗಕ್ಕೆ ಬರುತ್ತದೆ. ಯಾವ ಅರ್ಜಿಯೇ ಆಗಲಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಏನೂ ಆಗದಿದ್ದರೆ ಅರ್ಜಿಯ ಮೇಲೆ ಏನು ಕ್ರಮ ಆಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡು ಇದ್ದವರಿಗೆ ಅದೂ ಇಲ್ಲ.